1956: ಒಂದು ವರ್ಷದ ಸಾಹಿತ್ಯವೂ ಒಂದು ಪಾರಿತೋಷಕವೂ

2025ನೆಯ ಮೇ ತಿಂಗಳ 20ರಂದು ಬಾನು ಮುಷ್ತಾಕರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಿತು. ಕನ್ನಡದ ಕೃತಿಯೊಂದಕ್ಕೆ ಆ ಮನ್ನಣೆ ದೊರೆತದ್ದು ಅದೇ ಮೊದಲು. ಜೂನ್ ತಿಂಗಳಲ್ಲಿ ಶಾಲೆಗಳು ತೆರೆದಾಗ ನಾವು ಈ ವಾರ್ತೆಯನ್ನು ತರಗತಿಯಲ್ಲಿ ಹೇಳಹೋದರೆ ಮಕ್ಕಳು ಅದನ್ನು ಮೊದಲೇ ಬಲ್ಲವರಾಗಿದ್ದರು. ಅವರಲ್ಲೊಬ್ಬನು ಎದ್ದು ನಿಂತು, "ಗುರೂಜಿ, ನಮ್ಮ ಕಡೆದವ್ರಿಗೆ ಇಂಥಾದ್ದು ಯಾವಾಗರೆ ಬಂದೈತೇನ್ರಿ?" ಎಂದು ಕೇಳಿದನು. 'ನಮ್ಮ ಕಡೆ' ಎಂಬ ಮಾತಿನಲ್ಲಿ ಆ ಹುಡುಗನು ಕರ್ನಾಟಕವನ್ನು ಸೇರಿಸಿರಲಿಲ್ಲ. ಜತ್ತ ತಾಲೂಕಿನ ಹಳ್ಳಿಗಳು, ಮಿರಜಿನ ಸುತ್ತಣ ಕೆಲವು ಊರುಗಳು, ಸಾಂಗಲಿಯ ಪೇಟೆ, ಇಷ್ಟೇ ಅವನ 'ನಮ್ಮ ಕಡೆ'. ಕನ್ನಡದ ಪ್ರಶಸ್ತಿಗಳೆಂದರೆ ಗಡಿಯಾಚೆಯವರ ಮನೆಯ ಹಬ್ಬ, ನಾವು ಬೀದಿಯಲ್ಲಿ ನಿಂತು ತೋರಣ ನೋಡುವವರು ಎಂಬ ಭಾವ ಅವನ ಪ್ರಶ್ನೆಯ ಹಿಂದಿತ್ತು.

ಬಂದದ್ದುಂಟು. ಅದೂ ಅತಿ ದೂರಕ್ಕಲ್ಲ. ಸಾಂಗಲಿಯಿಂದ ಮಿರಜಿಗೆ ಹೋಗುವ ಹಾದಿಯಲ್ಲಿ, ವಿಶ್ರಾಮಬಾಗಿನಲ್ಲಿ, 1919ರಲ್ಲಿ ಸ್ಥಾಪನೆಯಾದ ವಿಲಿಂಗ್ಡನ್ ಕಾಲೇಜು ಇದೆ. ನಮ್ಮ ಮಕ್ಕಳು ಆಸ್ಪತ್ರೆಗೆ, ಸಂತೆಗೆ, ರೈಲಿಗೆ ಹೋಗುವಾಗ ಅದರ ಮುಂದೆಯೇ ಹಾದುಹೋಗುತ್ತಾರೆ. ಆ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ರಂ. ಶ್ರೀ. ಮುಗಳಿಯವರ 'ಕನ್ನಡ ಸಾಹಿತ್ಯ ಚರಿತ್ರೆ' ಎಂಬ ಗ್ರಂಥಕ್ಕೆ 1956ರ ಸಾಹಿತ್ಯ ಅಕಾಡೆಮಿ ಪಾರಿತೋಷಕ ದೊರೆಯಿತು. ಅಕಾಡೆಮಿಯು ಕನ್ನಡಕ್ಕೆ ಕೊಟ್ಟ ಎರಡನೆಯ ಪಾರಿತೋಷಕ ಅದು. ಮೊದಲನೆಯದು 1955ರಲ್ಲಿ ಕುವೆಂಪುರವರ 'ಶ್ರೀರಾಮಾಯಣ ದರ್ಶನಂ' ಮಹಾಕಾವ್ಯಕ್ಕೆ. ಮಹಾಕಾವ್ಯದ ಬೆನ್ನಿಗೇ ಒಂದು ಚರಿತ್ರೆಯ ಹೊತ್ತಗೆ, ಮೈಸೂರಿನ ಬೆನ್ನಿಗೇ ಸಾಂಗಲಿ! ಅಂದಿನ ಓದುಗರಲ್ಲಿ ಕೆಲವರಾದರೂ ಈ ಕ್ರಮವನ್ನು ಕಂಡು ಹುಬ್ಬೇರಿಸಿರಬೇಕು. ಹುಬ್ಬೇರಿಸಿದ್ದರೆ ಅದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಆ ಕಾರಣವನ್ನೂ, ಅದಕ್ಕೆ ನಾವು ಕೊಡುವ ಉತ್ತರವನ್ನೂ ಇಲ್ಲಿ ಹೇಳಬೇಕೆಂದಿದ್ದೇವೆ.

ಮೊದಲು ಆ ವರ್ಷದ ಸ್ವರೂಪವನ್ನು ನೋಡೋಣ. ಸಾಹಿತ್ಯ ಅಕಾಡೆಮಿ ಉದ್ಘಾಟನೆಯಾದದ್ದು 1954ರ ಮಾರ್ಚ್ 12ರಂದು. ಪಾರಿತೋಷಕದ ಮೊತ್ತ ಆಗ 5,000 ರೂಪಾಯಿ. ಇಂದಿನ ಲೆಕ್ಕದಲ್ಲಿ ಅಲ್ಪವೆಂದು ಕಂಡರೂ ಒಬ್ಬ ಅಧ್ಯಾಪಕನ ಪಾಲಿಗೆ ಅಂದು ಅದು ಸಣ್ಣ ಮೊತ್ತವಲ್ಲ. ಆದರೆ ಹಣಕ್ಕಿಂತ ಹೆಚ್ಚಿನದು ಆ ಪಂಕ್ತಿ. ದೇಶದ ಭಾಷೆಗಳೆಲ್ಲ ಒಂದೇ ಸಾಲಿನಲ್ಲಿ ಕುಳಿತು, ಪ್ರತಿಯೊಂದೂ ತನ್ನ ಒಂದೊಂದು ಕೃತಿಯನ್ನು ಮುಂದಿಡುವ ಪದ್ಧತಿ ಅದಕ್ಕೆ ಮೊದಲು ಇದ್ದಿರಲಿಲ್ಲ. ಹೀಗಿರುವುದರಿಂದ ಕನ್ನಡದ ಪಾರಿತೋಷಕವನ್ನು ತೂಗುವಾಗ ಪಕ್ಕದ ಎಲೆಗಳಲ್ಲಿ ಏನು ಬಡಿಸಿದ್ದರೆಂಬುದನ್ನೂ ನೋಡಬೇಕಾಗುತ್ತದೆ.

ನೋಡಿದರೆ ಒಂದು ಸೋಜಿಗ ಕಾಣುತ್ತದೆ. 1956ರಲ್ಲಿ ಹಿಂದಿಯ ಪಾರಿತೋಷಕ ವಾಸುದೇವಶರಣ ಅಗ್ರವಾಲರಿಗೆ, ಜಾಯಸಿಯ 'ಪದ್ಮಾವತ'ಕ್ಕೆ ಬರೆದ ವ್ಯಾಖ್ಯಾನಕ್ಕಾಗಿ. ಗುಜರಾತಿಯದು ರಾಮನಾರಾಯಣ ಪಾಠಕರ 'ಬೃಹತ್ ಪಿಂಗಲ'ಕ್ಕೆ; ಅದು ಛಂದಸ್ಸಿನ ಗ್ರಂಥ. ಮಲೆಯಾಳದ್ದು ಐ. ಸಿ. ಚಾಕೋ ಅವರ 'ಪಾಣಿನೀಯ ಪ್ರದ್ಯೋತ'ಕ್ಕೆ, ಅದು ವ್ಯಾಕರಣ. ಸಂಸ್ಕೃತದ್ದು ಪಾಂಡುರಂಗ ವಾಮನ ಕಾಣೆಯವರ ಧರ್ಮಶಾಸ್ತ್ರದ ಇತಿಹಾಸಕ್ಕೆ. ಇನ್ನು ನಮ್ಮ ಜಿಲ್ಲೆಯ ಬಹುಜನರ ಭಾಷೆಯಾದ ಮರಾಠಿಯದು ಬಾ. ಸೀ. ಮರ್ಢೇಕರರ 'ಸೌಂದರ್ಯ ಆಣಿ ಸಾಹಿತ್ಯ'ಕ್ಕೆ. ಮರ್ಢೇಕರರು ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ತೀರಿಕೊಂಡಿದ್ದರು. ಮರಾಠಿಯ ನವಕಾವ್ಯಕ್ಕೆ ಹಾದಿ ಕಡಿದ ಕವಿ ಅವರು. 1947ರ 'ಕಾಹೀ ಕವಿತಾ' ಸಂಗ್ರಹಕ್ಕಾಗಿ ಅಶ್ಲೀಲತೆಯ ಆಪಾದನೆಯನ್ನು ಹೊತ್ತು ನ್ಯಾಯಾಲಯವನ್ನೂ ಕಂಡವರು. ಅಂಥ ಕವಿಗೆ ಕೊನೆಗೆ ಮನ್ನಣೆ ದೊರೆತದ್ದು ಅವರ ಕವಿತೆಗಲ್ಲ, ಸೌಂದರ್ಯಮೀಮಾಂಸೆಗೆ, ಅದೂ ಮರಣೋತ್ತರವಾಗಿ. ಕವಿತೆಯನ್ನು ಮೆಚ್ಚಲು ಅಂಜಿದ ಕೈಗಳಿಗೆ ಮೀಮಾಂಸೆಯನ್ನು ಮೆಚ್ಚುವುದು ಸುಲಭವಾಯಿತೇ ಎಂಬ ಸಂದೇಹ ನಮಗಿದೆ.

ಎಲ್ಲ ಭಾಷೆಗಳೂ ಹೀಗೆ ಮಾಡಲಿಲ್ಲ. ಅದೇ ವರ್ಷ ಬಂಗಾಳಿಯು ತಾರಾಶಂಕರ ಬಂದ್ಯೋಪಾಧ್ಯಾಯರ 'ಆರೋಗ್ಯ ನಿಕೇತನ' ಕಾದಂಬರಿಯನ್ನೂ, ಪಂಜಾಬಿಯು ಅಮೃತಾ ಪ್ರೀತಮರ ಕವನಗಳನ್ನೂ, ತಮಿಳು ದಿವಂಗತ ಕಲ್ಕಿಯವರ 'ಅಲೈ ಓಸೈ' ಕಾದಂಬರಿಯನ್ನೂ ಮುಂದಿಟ್ಟವು. ಆದರೂ ವ್ಯಾಖ್ಯಾನ, ಛಂದಸ್ಸು, ವ್ಯಾಕರಣ, ಮೀಮಾಂಸೆ, ಚರಿತ್ರೆ ಇವುಗಳದೇ ಮೇಲುಗೈಯಾದ ವರ್ಷವೆಂದು 1956ನ್ನು ಕರೆದರೆ ತಪ್ಪಾಗದು. ಹೊಸದಾಗಿ ಸಂಸಾರ ಹೂಡಿದ ಮನೆಯವರು ಮೊದಲು ಪಾತ್ರೆಪಡಗಗಳ ಎಣಿಕೆ ಮಾಡಿಕೊಳ್ಳುವಂತೆ, ಸ್ವತಂತ್ರವಾದ ದೇಶವು ತನ್ನ ಭಾಷೆಗಳ ಮನೆಯಲ್ಲಿ ಏನೇನಿದೆಯೆಂದು ಲೆಕ್ಕ ತೆಗೆಯುತ್ತಿತ್ತು. ಮುಗಳಿಯವರ ಗ್ರಂಥ ಈ ಸಾಲಿಗೆ ಸೇರಿದ್ದು ಅಕಸ್ಮಾತ್ತಲ್ಲ.

ಹಾಗಾದರೆ ಆ ವರ್ಷ ಕನ್ನಡದಲ್ಲಿ ಬೇರೇನೂ ಇರಲಿಲ್ಲವೆ? ಇತ್ತು, ಸಾಕಷ್ಟಿತ್ತು. ಗೋಪಾಲಕೃಷ್ಣ ಅಡಿಗರ 'ಚಂಡೆಮದ್ದಳೆ' 1954ರಲ್ಲಿ ಹೊರಬಂದು ನವ್ಯಕಾವ್ಯದ ಸದ್ದು ಎದ್ದಿತ್ತು. ಅದನ್ನು ಕೇಳಿ ತಲೆದೂಗಿದವರೂ ಇದ್ದರು, ಕಿವಿ ಮುಚ್ಚಿಕೊಂಡವರೂ ಇದ್ದರು. ಅಡಿಗರಿಗೆ ಅಕಾಡೆಮಿಯ ಪಾರಿತೋಷಕ ಬಂದದ್ದು 1974ರಲ್ಲಿ, 'ವರ್ಧಮಾನ'ಕ್ಕೆ. ಆ ವೇಳೆಗೆ ನವ್ಯವೇ ಹಳತಾಗತೊಡಗಿತ್ತು. 1956ರಲ್ಲಿಯೇ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಚಿಕವೀರ ರಾಜೇಂದ್ರ' ಪ್ರಕಟವಾಯಿತು. ಕೊಡಗಿನ ಕೊನೆಯ ಅರಸನ ಪತನದ ಕಥೆ ಅದು. 1834ರಲ್ಲಿ ಇಂಗ್ಲಿಷರ ಕೈಸೇರಿದ ನಾಡಿನ ಕಥೆ. ಅದು ಬೆಳಕು ಕಂಡ ವರ್ಷವೇ, ನವೆಂಬರ್ 1ರಂದು, ಕೊಡಗು ಹೊಸ ಮೈಸೂರು ರಾಜ್ಯದಲ್ಲಿ ಸೇರಿತು. ಸಾಹಿತ್ಯವೂ ಭೂಪಟವೂ ಹೀಗೆ ಕೈಕುಲುಕಿದ್ದು ಅಪರೂಪ. ಆ ಕಾದಂಬರಿಗಾಗಿ ಜ್ಞಾನಪೀಠ ಪ್ರಶಸ್ತಿ ಬಂದದ್ದು 1983ರಲ್ಲಿ. ಪುಸ್ತಕ ಹೊರಬಂದ ವರ್ಷಕ್ಕೂ ಪ್ರಶಸ್ತಿ ಬಂದ ವರ್ಷಕ್ಕೂ ನಡುವೆ 27 ವರ್ಷಗಳು!

ಅದೇ 1956ರಲ್ಲಿ ಕುವೆಂಪುರವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ರಾಯಚೂರಿನಲ್ಲಿ ಶ್ರೀರಂಗರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ನಮ್ಮ ನೆರೆಯ ಸೊಲ್ಲಾಪುರದಲ್ಲಿ 1944ರಿಂದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಬೇಂದ್ರೆಯವರು ಅದೇ ವರ್ಷ ಆ ಕೆಲಸದಿಂದ ಬಿಡುವು ಪಡೆದು ಧಾರವಾಡದ ಆಕಾಶವಾಣಿಯ ಸಲಹೆಗಾರರಾದರು. ಈ ಕೊನೆಯ ಸಂಗತಿ ಸಾಹಿತ್ಯದ ಇತಿಹಾಸಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮಗೆ ಹಾಗಲ್ಲ. ಹನ್ನೆರಡು ವರ್ಷ ಗಡಿಯ ಈ ಬದಿಗಿದ್ದ ವರಕವಿ ಆ ಬದಿಗೆ ಹೋದದ್ದೂ, ಗಡಿಯೆಂಬುದೇ ಗಟ್ಟಿಯಾಗಿ ಬಿದ್ದದ್ದೂ ಒಂದೇ ವರ್ಷದಲ್ಲಿ.

ಏಕೆಂದರೆ 1956ರ ನವೆಂಬರ್ 1 ಕನ್ನಡಿಗರಿಗೆಲ್ಲ ಸಂಭ್ರಮದ ದಿನವಾಗಿದ್ದರೂ ನಮ್ಮ ಹಿರಿಯರಿಗೆ ಅದು ಎರಡು ಮನಸ್ಸಿನ ದಿನ. ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರಗಳು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ಮಾತ್ರ ಹಿಂದುಳಿಯಿತು. ಸಾಂಗಲಿ, ಮಿರಜ, ಜತ್ತಗಳನ್ನು ಒಳಗೊಂಡ ಅಂದಿನ ದಕ್ಷಿಣ ಸಾತಾರಾ ಜಿಲ್ಲೆ ಮುಂಬಯಿಯಲ್ಲಿಯೇ ಉಳಿಯಿತು. ಸೊಲ್ಲಾಪುರ, ಅಕ್ಕಲಕೋಟೆಗಳೂ ಹಾಗೆಯೇ. ಕನ್ನಡ ನಾಡು ಒಂದಾದ ದಿನ ಕನ್ನಡದ ಚರಿತ್ರೆಯನ್ನು ಬರೆದವರು ಆ ನಾಡಿನ ಹೊರಗೆ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು.

ಈಗ ಹುಬ್ಬೇರಿಸಿದವರ ಆಕ್ಷೇಪಕ್ಕೆ ಬರೋಣ. ಪಾರಿತೋಷಕವು ಸೃಷ್ಟಿಗೆ ಸಲ್ಲಬೇಕಲ್ಲದೆ ಸೃಷ್ಟಿಯ ಲೆಕ್ಕಕ್ಕೆ ಸಲ್ಲಬಾರದು ಎಂಬುದು ಆ ಆಕ್ಷೇಪ. ಹೂವನ್ನು ಅರಳಿಸಿದವನಿರುವಾಗ ಹೂವಿನ ಪಟ್ಟಿ ಬರೆದವನಿಗೆ ಹಾರವೇಕೆ? ಮಾತು ಸರಳವಾಗಿದೆ, ಕೇಳಲು ಹಿತವಾಗಿಯೂ ಇದೆ. ಅಕಾಡೆಮಿಯ ಮೊದಲ ಕಾಲು ಶತಮಾನವನ್ನು ನೋಡಿದರೆ ಕನ್ನಡದಲ್ಲಿ ಈ ದೂರಿಗೆ ಆಧಾರವೂ ಸಿಗುತ್ತದೆ. ಕಾರಂತರಂಥ ಕಾದಂಬರಿಕಾರರಿಗೆ 1959ರಲ್ಲಿ ಪಾರಿತೋಷಕ ಬಂದದ್ದು 'ಯಕ್ಷಗಾನ ಬಯಲಾಟ'ಕ್ಕೆ. ಶ್ರೀರಂಗರಂಥ ನಾಟಕಕಾರರಿಗೆ 1971ರಲ್ಲಿ ಬಂದದ್ದು 'ಕಾಳಿದಾಸ'ಕ್ಕೆ. 1957ರಲ್ಲಂತೂ ಕನ್ನಡಕ್ಕೆ ಪಾರಿತೋಷಕವೇ ಇಲ್ಲ! 'ಚಿಕವೀರ ರಾಜೇಂದ್ರ' ಅಂಗಡಿಯಲ್ಲಿದ್ದಾಗ ಹೀಗಾಯಿತೆಂಬುದನ್ನು ನೆನೆದರೆ ನಮಗೂ ಸಿಟ್ಟು ಬರುತ್ತದೆ. ಆದ್ದರಿಂದ ದೂರನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅದು 1957ಕ್ಕೆ ಸಲ್ಲಬೇಕಾದ ದೂರು; 1956ಕ್ಕೆ ಸಲ್ಲದು. ಮುಗಳಿಯವರ ಗ್ರಂಥವನ್ನು ಹೂವಿನ ಪಟ್ಟಿಯೆನ್ನುವುದು ಅದನ್ನು ಓದದವರ ಮಾತು.

ಮುಗಳಿಯವರು ಹುಟ್ಟಿದ್ದು 1906ರಲ್ಲಿ, ರೋಣ ತಾಲೂಕಿನ ಹೊಳೆ ಆಲೂರಿನಲ್ಲಿ. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನವರು. 'ರಸಿಕರಂಗ' ಎಂಬ ಹೆಸರಿನಲ್ಲಿ ಕವಿತೆ ಬರೆದರು. 'ಬಾಸಿಗ' ಅವರ ಕವನಸಂಗ್ರಹ. 'ನಾಮಧಾರಿ' ನಾಟಕ, 'ಕಾರಣಪುರುಷ' ಕಾದಂಬರಿ. ರನ್ನನನ್ನು ಕುರಿತು 'ರನ್ನನ ಕೃತಿರತ್ನ' ಎಂಬ ವಿಮರ್ಶೆಯನ್ನೂ ಬರೆದರು. ಪಾರಿತೋಷಕ ಬಂದ ವರ್ಷ ಅವರಿಗೆ ಐವತ್ತು ತುಂಬಿತ್ತು. ಈ ವಿವರಗಳನ್ನು ಹೇಳುವ ಉದ್ದೇಶವಿಷ್ಟೆ: 1953ರಲ್ಲಿ ಪ್ರಕಟವಾದ 'ಕನ್ನಡ ಸಾಹಿತ್ಯ ಚರಿತ್ರೆ'ಯನ್ನು ಬರೆದವರು ಕವಿತೆಯ ಒಳಗನ್ನು ಕಂಡವರು. ಕವಿಗಳ ಕಾಲನಿರ್ಣಯ ಅವರಿಗೆ ಮೆಟ್ಟಿಲು, ಮನೆ ಅಲ್ಲ.

ಅವರಿಗೆ ಮುಂಚೆ ಈ ಕೆಲಸ ನಡೆದಿರಲಿಲ್ಲವೆಂದಲ್ಲ. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ' 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತ್ತು. ಅದಿಲ್ಲದಿದ್ದರೆ ಮುಂದಿನವರು ಯಾರೂ ಹೆಜ್ಜೆಯಿಡುವಂತಿರಲಿಲ್ಲ. ಆದರೆ ಅದು ಹೆಸರೇ ಹೇಳುವಂತೆ ಕವಿಗಳ ಚರಿತೆ. ಒಬ್ಬೊಬ್ಬ ಕವಿಯೂ ತನ್ನ ಕಾಲ, ಮತ, ಆಶ್ರಯದಾತ, ಗ್ರಂಥಗಳ ಸಮೇತ ಸಾಲಾಗಿ ಬಂದು ನಿಂತು ಹೋಗುತ್ತಾನೆ. ಇ. ಪಿ. ರೈಸರು ಇಂಗ್ಲಿಷಿನಲ್ಲಿ ಬರೆದ ಚಿಕ್ಕ ಇತಿಹಾಸದಲ್ಲಿ ಕಾಲವಿಭಾಗವಿದೆ, ಆದರೆ ಅದು ಮತಗಳ ವಿಭಾಗ: ಮೊದಲು ಜೈನರು, ಅನಂತರ ಲಿಂಗಾಯತರು, ಅನಂತರ ವೈಷ್ಣವರು. ಬಹುಕಾಲ ನಮ್ಮ ತರಗತಿಗಳಲ್ಲಿ ಇದೇ ನಡೆದುಬಂದಿತು. ಈ ಪಾಠದ ಫಲವೇನೆಂದರೆ, ಹುಡುಗನು ಪಂಪನನ್ನು ಓದುವ ಮುನ್ನವೇ 'ಅವನು ನಮ್ಮವನಲ್ಲ' ಎಂದುಕೊಳ್ಳಬಹುದು. ಮಗದೊಬ್ಬನು ವಚನಗಳನ್ನು ಕುರಿತು ಅದನ್ನೇ ಅಂದುಕೊಳ್ಳಬಹುದು. ಅಧ್ಯಾಪಕರಾದ ನಾವು ಇದನ್ನು ಕಣ್ಣಾರೆ ಕಂಡಿದ್ದೇವೆ.

ಮುಗಳಿಯವರು ಈ ಗೋಡೆಗಳನ್ನು ಕೆಡವಿದರು. ಪಂಪಪೂರ್ವ ಯುಗ, ಪಂಪ ಯುಗ, ಬಸವ ಯುಗ, ಕುಮಾರವ್ಯಾಸ ಯುಗ ಎಂದು ಅವರು ಕಾಲವನ್ನು ವಿಂಗಡಿಸಿದರು. ಯುಗಕ್ಕೆ ಹೆಸರು ಕೊಡುವ ಹಕ್ಕು ಮತಕ್ಕಲ್ಲ, ಅರಸನಿಗಲ್ಲ, ಆ ಕಾಲದ ಮನಸ್ಸನ್ನು ತಿರುಗಿಸಿದ ವಾಣಿಗೆ ಎಂಬುದು ಈ ವಿಭಾಗದ ತಿರುಳು. ಇಂದು ಇದು ಸಾಮಾನ್ಯವೆನ್ನಿಸುತ್ತದೆ. ನಾವು ಕಪ್ಪುಹಲಗೆಯ ಮೇಲೆ 'ಪಂಪ ಯುಗ' ಎಂದು ಬರೆಯುವಾಗ ಅದನ್ನು ಯಾರೋ ಒಬ್ಬರು ಯೋಚಿಸಿ ಇಟ್ಟ ಹೆಸರೆಂದು ನೆನೆಯುವುದೇ ಇಲ್ಲ. ಒಂದು ವಿಚಾರ ಗೆದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಹೆಸರುಗಳು ನಮಗೆ, ಸಾಂಗಲಿ ಮಿರಜಿನವರಿಗೆ, ಇನ್ನೊಂದು ಬಾಗಿಲನ್ನೂ ತೆರೆಯುತ್ತವೆ. ಪಂಪನು ಆಶ್ರಯ ಪಡೆದದ್ದು ವೇಮುಲವಾಡದ ಅರಿಕೇಸರಿಯಲ್ಲಿ. ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಎಂದರೆ ಕನ್ನಡದ ಆದಿಕವಿಯೂ ಇಂದಿನ ಲೆಕ್ಕದಲ್ಲಿ ಹೊರನಾಡ ಕನ್ನಡಿಗನೇ! ಅವನು ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡನು. ಆ ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಅದು ಸಂಸ್ಥಾನಗಳ ಕಾಲದಲ್ಲಿ ಇದ್ದದ್ದು ಹಿರಿಯ ಮಿರಜ ಸಂಸ್ಥಾನದಲ್ಲಿ. ಬಸವಣ್ಣನವರು ಬಿಜ್ಜಳನ ಸೇವೆಗೆ ಸೇರಿದ್ದು ಮಂಗಳವೇಢೆಯಲ್ಲಿ ಎಂಬುದು ಪರಂಪರೆಯ ಮಾತು. ಆ ಮಂಗಳವೇಢೆ 1948ರ ವಿಲೀನದವರೆಗೆ ಸಾಂಗಲಿ ಸಂಸ್ಥಾನದ ತಾಲೂಕು. ಇಂದು ಸೊಲ್ಲಾಪುರ ಜಿಲ್ಲೆಯಲ್ಲಿದೆ. ಅದೇ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ತೇರದಾಳ, ಶಹಾಪುರ, ಶಿರಹಟ್ಟಿಗಳು ಕರ್ನಾಟಕಕ್ಕೆ ಹೋದವು. ಪಂಪ ಯುಗದ ನುಡಿಗೆ ಮೇಲ್ಪಂಕ್ತಿಯಾದ ಊರು ಮಿರಜಿನ ಕೈಯಲ್ಲಿ, ಬಸವ ಯುಗದ ಮೊದಲ ಮೆಟ್ಟಿಲು ಸಾಂಗಲಿಯ ಕೈಯಲ್ಲಿ ಇದ್ದುವೆಂಬುದನ್ನು ನಾವು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಕ್ಷೆಯನ್ನು ಹೊಸದಾಗಿ ನೋಡುತ್ತಾರೆ. ಪಟವರ್ಧನ ಸಂಸ್ಥಾನಿಕರಿಗೆ ಪುಲಿಗೆರೆಯ ಕನ್ನಡದಿಂದ ಏನೂ ಆಗಬೇಕಾಗಿರಲಿಲ್ಲ, ಕಂದಾಯವಷ್ಟೇ ಬೇಕಾಗಿತ್ತು ಎಂದು ಯಾರಾದರೂ ನಕ್ಕರೆ ನಾವೂ ಜೊತೆಗೆ ನಗುತ್ತೇವೆ. ಆದರೆ ಗಡಿಗಳು ಬರೆದವರ ಅನುಕೂಲಕ್ಕೆ ಬಂದವು, ಹೋದವು ಎಂಬುದಂತೂ ನಿಜ.

ಇಷ್ಟು ಹೊಗಳಿದ ಮೇಲೆ ನಮ್ಮ ತಕರಾರನ್ನೂ ಹೇಳಬೇಕು. ಒಬ್ಬ ಮಹಾಕವಿಯ ಹೆಸರಿನಿಂದ ಯುಗವನ್ನು ಕರೆದಾಗ ಆ ಯುಗದ ಉಳಿದವರೆಲ್ಲ ಅವನ ನೆರಳಿಗೆ ಬರಬೇಕಾಗುತ್ತದೆ. ಜನ್ನನು 'ಯಶೋಧರ ಚರಿತೆ'ಯನ್ನು ಬರೆದದ್ದು 1209ರಲ್ಲಿ. ಜೈನ ಕವಿ, ಹೊಯ್ಸಳರ ಆಸ್ಥಾನದವನು. ಕಾಮದ ವಿಕಾರವನ್ನು ಅವನಷ್ಟು ನಿಷ್ಠುರವಾಗಿ ನೋಡಿದ ಕವಿ ನಮ್ಮಲ್ಲಿ ಕಡಮೆ. ಕಾಲಕ್ರಮದಿಂದ ಅವನು ಬಸವ ಯುಗಕ್ಕೆ ಬೀಳುತ್ತಾನೆ. ಆದರೆ ಅವನ ಕಾವ್ಯದಲ್ಲಿ ಬಸವಣ್ಣನವರ ವಾಣಿ ಎಲ್ಲಿದೆ? ಹಾಗೆಯೇ ಕುಮಾರವ್ಯಾಸನ ಹೆಸರಿನ ವಿಶಾಲ ಚಪ್ಪರದ ಕೆಳಗೆ ಪುರಂದರ ಕನಕರೂ, ರತ್ನಾಕರವರ್ಣಿಯೂ, ಸರ್ವಜ್ಞನೂ, ಲಕ್ಷ್ಮೀಶನೂ ನಿಲ್ಲಬೇಕು. ಲಕ್ಷ್ಮೀಶನಿಗೆ ಆ ಚಪ್ಪರ ಒಪ್ಪುತ್ತದೆ. ಸರ್ವಜ್ಞನು ಯಾವ ಚಪ್ಪರದ ಕೆಳಗೂ ನಿಲ್ಲುವವನಲ್ಲ, ಅವನದು ಬಯಲು.

ಇನ್ನೊಂದು ತಕರಾರು ನಮಗೆ ಇದಕ್ಕಿಂತ ಹತ್ತಿರದ್ದು. ಹೆಸರುಳ್ಳವರಿಂದ ಯುಗಗಳು ನಡೆದರೆ ಹೆಸರಿಲ್ಲದವರ ಪಾಡೇನು? 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಯಕ್ಷಗಾನದ ಆಟವಾಡಿತು. ಅದನ್ನು ಕಂಡ ಸಂಸ್ಥಾನಿಕರು ಮರಾಠಿಯಲ್ಲಿಯೂ ಅಂಥದೊಂದು ಬೇಕೆಂದು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾಸ್ವಯಂವರ' ರಂಗವೇರಿತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಆ ದಿನದಿಂದಲೇ ಎಣಿಸುತ್ತದೆ, ಸಾಂಗಲಿಯನ್ನು ನಾಟ್ಯಪಂಢರಿಯೆಂದು ಕರೆಯುತ್ತದೆ. ಕರ್ಕಿಯ ಆ ವೇಷಧಾರಿಗಳು ಯಾವ ಯುಗಕ್ಕೆ ಸೇರಿದವರು? ಕನ್ನಡವು ಸಾಂಗಲಿಯ ಬಾಳನ್ನು ಆಳವಾಗಿ ಮುಟ್ಟಿದ್ದು ಗ್ರಂಥದಿಂದಲ್ಲ, ಅಂಥ ಮೇಳದಿಂದ. ಪಂಪ, ಬಸವ, ಕುಮಾರವ್ಯಾಸರ ಹೆಸರಿನ ಮೂರು ಕೋಣೆಗಳಲ್ಲಿ ಅವರಿಗೆ ಹಾಸಿಗೆ ಹಾಸುವುದು ಕಷ್ಟ. ಈ ಕೊರತೆಯನ್ನು ತುಂಬಿದವರು ಕಾರಂತರು. ಮೇಲೆ ಹೇಳಿದ 1959ರ ಪಾರಿತೋಷಕವನ್ನು ಈ ಬೆಳಕಿನಲ್ಲಿ ನೋಡಿದರೆ ನಮ್ಮ ದೂರು ಅರ್ಧಕ್ಕೆ ಇಳಿಯುತ್ತದೆ. ಕಾದಂಬರಿಕಾರ ಕಾರಂತರಿಗೆ ಅನ್ಯಾಯವಾಯಿತೆಂದು ಬೇಕಾದರೆ ಹೇಳೋಣ. ಬಯಲಾಟಕ್ಕಂತೂ ನ್ಯಾಯ ದೊರೆಯಿತು.

ಆದರೂ ಮುಗಳಿಯವರ ಗ್ರಂಥದ ಪಕ್ಷವನ್ನು ನಾವು ಬಿಡುವುದಿಲ್ಲ. ಮೈಸೂರಿನ ಹುಡುಗನಿಗೆ ಕನ್ನಡದ ಚರಿತ್ರೆ ಒಂದು ಪಾಠವಾದರೆ ಜತ್ತದ ಹುಡುಗನಿಗೆ ಅದು ವಾರಸಾ ಪತ್ರ. ಅವನ ಊರಿನ ಬೋರ್ಡು ಮರಾಠಿಯಲ್ಲಿ, ತಹಸೀಲದಾರ ಕಚೇರಿಯ ಕಾಗದ ಮರಾಠಿಯಲ್ಲಿ, ಬಸ್ಸಿನ ಹಲಗೆ ಮರಾಠಿಯಲ್ಲಿ. ಮನೆಯಲ್ಲಿ ಅವ್ವ ಆಡುವ ಮಾತು, ಶಾಲೆಯ ಪಠ್ಯಪುಸ್ತಕದ ಮಾತು ಕನ್ನಡ. ಆ ಪಠ್ಯಪುಸ್ತಕವನ್ನು ಅಚ್ಚು ಹಾಕಿಸುವುದು ಪುಣೆಯ ಬಾಲಭಾರತಿ. ಇದನ್ನು ದೂರಿಗಾಗಿ ಹೇಳುತ್ತಿಲ್ಲ. ಮಹಾರಾಷ್ಟ್ರವು ಕನ್ನಡ ಮಾಧ್ಯಮದ ಮಕ್ಕಳಿ‌ಗೆ ಕನ್ನಡದಲ್ಲಿಯೇ ಪುಸ್ತಕ ಕೊಡುತ್ತಿದೆಯೆಂಬುದು ಮೆಚ್ಚತಕ್ಕ ಮಾತು. ಆದರೆ ಒಂದೊಂದು ಪದ್ಯ, ಒಂದೊಂದು ಗದ್ಯ ಓದುವ ಆ ಹುಡುಗನಿಗೆ ಅವು ಯಾವ ಹೊಳೆಯ ನೀರೆಂದು ತೋರಿಸಬೇಕಾದರೆ ಅಖಂಡವಾದ ಒಂದು ಚರಿತ್ರೆ ಬೇಕು. ಅಂಥ ಚರಿತ್ರೆಯನ್ನು ಬರೆದವರು ಅವನ ಹಾಗೆಯೇ ಮರಾಠಿಯ ನಡುವೆ ಕುಳಿತು, ಮರಾಠಿ ಬಲ್ಲ ನೆರೆಹೊರೆಯಲ್ಲಿ ಬಾಳಿ, ಕನ್ನಡದಲ್ಲಿ ಬರೆದರು. ನಾಡು ಅಖಂಡವಾಗುವ ಮೊದಲೇ, 1953ರಲ್ಲಿಯೇ, ಅವರ ಪುಸ್ತಕದಲ್ಲಿ ಅದು ಅಖಂಡವಾಗಿತ್ತು. ಮತ್ತು ಆ ಅಖಂಡತೆಯಲ್ಲಿ ನಾವೂ ಒಳಗಿದ್ದೆವು.

ಆ ಕಾಲದಲ್ಲಿ ಗಡಿಯ ಈ ಬದಿಯ ಅಧ್ಯಾಪಕರನ್ನು ಕನ್ನಡ ನಾಡು ಮರೆತಿರಲಿಲ್ಲ. ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಪಟ್ಟಿಯನ್ನು ನೋಡಿರಿ. 1961ರಲ್ಲಿ ಗದಗಿನಲ್ಲಿ ಕೊಲ್ಲಾಪುರದ ಕೆ. ಜಿ. ಕುಂದಣಗಾರರು, 1963ರಲ್ಲಿ ಸಿದ್ಧಗಂಗೆಯಲ್ಲಿ ಮುಗಳಿಯವರು, 1967ರಲ್ಲಿ ಶ್ರವಣಬೆಳಗೊಳದಲ್ಲಿ, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತ ಕಲಿಸಿದ ಆ. ನೇ. ಉಪಾಧ್ಯೆಯವರು, 1974ರಲ್ಲಿ ಮಂಡ್ಯದಲ್ಲಿ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು. ಆ ಪೀಠವೇರಿದ ಮೊದಲ ಮಹಿಳೆಯೂ ಅವರೇ. ಹದಿನಾಲ್ಕು ವರ್ಷಗಳಲ್ಲಿ ಈ ಕಡೆಯವರು ನಾಲ್ವರು! 1975ರಲ್ಲಿ ಸಾಹಿತ್ಯ ಅಕಾಡೆಮಿಯು ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಪ್ರಕಟಿಸಿದಾಗಲೂ ಬರೆದವರು ಮುಗಳಿಯವರೇ. ಅವರು ತೀರಿಕೊಂಡದ್ದು 1993ರಲ್ಲಿ.

ಪಾರಿತೋಷಕಗಳ ಮಾತಿಗೆ ಬಂದರೆ 1960ನ್ನು ಮರೆತು ಮುಗಿಸಲಾಗದು. ಆ ವರ್ಷದ ಕನ್ನಡದ ಅಕಾಡೆಮಿ ಪಾರಿತೋಷಕ ವಿ. ಕೃ. ಗೋಕಾಕರ 'ದ್ಯಾವಾಪೃಥಿವೀ' ಕಾವ್ಯಕ್ಕೆ. ಗೋಕಾಕರು ಆಕ್ಸ್‌ಫರ್ಡಿನಿಂದ 1938ರಲ್ಲಿ ಮರಳಿದ ಮೇಲೆ ಇದೇ ವಿಲಿಂಗ್ಡನ್ ಕಾಲೇಜಿನ ಪ್ರಾಚಾರ್ಯರಾಗಿದ್ದವರು. ಮುಂದೆ ಜ್ಞಾನಪೀಠವನ್ನೂ ಪಡೆದರು. ಅದೇ ವರ್ಷದ ಮರಾಠಿಯ ಪಾರಿತೋಷಕ 'ಯಯಾತಿ' ಕಾದಂಬರಿಗೆ. ಅದನ್ನು ಬರೆದ ವಿ. ಸ. ಖಾಂಡೇಕರರು ಹುಟ್ಟಿದ್ದು 1898ರಲ್ಲಿ, ಸಾಂಗಲಿಯಲ್ಲಿ. ಎರಡು ಭಾಷೆಗಳು, ಎರಡು ಪಾರಿತೋಷಕಗಳು, ಎರಡಕ್ಕೂ ಒಂದೇ ಊರಿನ ನಂಟು. ಅದೇ ವರ್ಷ ಮೇ 1ರಂದು ಮಹಾರಾಷ್ಟ್ರ ರಾಜ್ಯವಾಯಿತು. ನವೆಂಬರಿನಲ್ಲಿ ದಕ್ಷಿಣ ಸಾತಾರಾ ಎಂಬ ಹೆಸರು ಹೋಗಿ ನಮ್ಮ ಜಿಲ್ಲೆಗೆ ಸಾಂಗಲಿಯ ಹೆಸರು ಬಂದಿತು. ಖಾಂಡೇಕರರ ಕಾದಂಬರಿಗಳನ್ನು ವಿ. ಎಂ. ಇನಾಂದಾರರು ಕನ್ನಡಕ್ಕೆ ತಂದರು. ಕನ್ನಡದ ಎಷ್ಟೋ ಮನೆಗಳಲ್ಲಿ ಖಾಂಡೇಕರರನ್ನು ಕನ್ನಡದವರೆಂದೇ ತಿಳಿದು ಓದಿದವರುಂಟು. ಮುಗಳಿಯವರ ಚರಿತ್ರೆಯನ್ನು ಮರಾಠಿಯ ನೆರೆಯವರಿಗೆ ಓದಿಸುವ ಕೆಲಸವನ್ನು ಅಂಥದೇ ಆಸ್ಥೆಯಿಂದ ನಾವು ಕೈಗೊಂಡಿಲ್ಲ. ಎರಡೂ ಭಾಷೆ ಬಲ್ಲವರು ನಾವೇ ಆಗಿರುವುದರಿಂದ ಈ ಕೊರತೆಯನ್ನು ಬೇರೆಯವರ ತಲೆಗೆ ಕಟ್ಟುವಂತೆಯೂ ಇಲ್ಲ.

ಆ ಹುಡುಗನಿಗೆ ಇಷ್ಟನ್ನೂ ಒಂದೇ ದಿನದಲ್ಲಿ ಹೇಳಲಾಗಲಿಲ್ಲ. ವಿಶ್ರಾಮಬಾಗಿನ ಕಾಲೇಜಿನ ಮಾತನ್ನಷ್ಟೇ ಹೇಳಿ, ಅಲ್ಲಿದ್ದ ಗುರುಗಳೊಬ್ಬರಿಗೆ 1956ರಲ್ಲಿ ದೇಶದ ಪಾರಿತೋಷಕ ಬಂದಿತ್ತೆಂದು ತಿಳಿಸಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಪುಸ್ತಕ ನಮ್ಮ ಕಪಾಟಿನ್ಯಾಗ ಐತೇನ್ರಿ?" ಎಂದನು. ಕಪಾಟಿನಲ್ಲಿ ಒಂದು ಹಳೆಯ ಪ್ರತಿ ಇತ್ತು. ತೆಗೆದು ನೋಡಿದರೆ ಹೊಲಿಗೆ ಬಿಚ್ಚಿ ಮೊದಲಿನ ಹಾಳೆಗಳು ಎಲ್ಲಿಯೋ ಹೋಗಿವೆ. ಪುಸ್ತಕ ನೇರವಾಗಿ ಪಂಪನಿಂದಲೇ ಆರಂಭವಾಗುತ್ತದೆ. ಅಷ್ಟನ್ನೇ ದಾರ ಹಾಕಿ ಕಟ್ಟಿ ಅವನ ಕೈಗೆ ಕೊಟ್ಟಿದ್ದೇವೆ.